ಮುಚ್ಚಳವಿಲ್ಲದ ತೊಟ್ಟಿ

ಜೂನ್ ತಿಂಗಳು. ಅಯೋವಾದ ಹೊಲಗಳಲ್ಲಿ ಮೊದಲ ಹುಲ್ಲುಕೊಯ್ಲು ನಡೆದಿತ್ತು. ಲಾರಿಯಲ್ಲಿ ತಂದಿಳಿಸುವ ದೊಡ್ಡ ಕಸದ ತೊಟ್ಟಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಮಾರ್ಲಿಸ್ ತನ್ನ ಸರದಿಗೆ ಕಾಯುತ್ತಿದ್ದಳು. ಮುಂದೆ ಆರಿನ್ ಮತ್ತು ಅವನ ಹೆಂಡತಿ ಟ್ವೈಲಾ ನಿಂತಿದ್ದರು.

“ಏನು ತುಂಬ್ತೀರಿ?” ಅಂಗಡಿಯವನು ಕೇಳಿದ.

“ಹಳೇ ಕೋಳಿಗೂಡು ಕಿತ್ತಿದೀವಿ. ಹಲಗೆ, ಹಿಕ್ಕೆ ಮೆತ್ತಿದ ಹುಲ್ಲು, ಎಲ್ಲಾ,” ಎಂದಳು ಟ್ವೈಲಾ.

“ಹಂಗಾದ್ರೆ ಮುಚ್ಚಳ ಇರೋದು ತಗೊಳ್ಳಿ. ಬಿಸಿಲಿಗೆ ನಾರುತ್ತೆ.”

“ನಾರಲಿ ಅಂತಲೇ ಬಂದಿರೋದು. ಶನಿವಾರ ಪಕ್ಕದ ಲೈಲ್ ಮಗಳ ಮದುವೆ.”

ಲೈಲ್ ಮಾರ್ಲಿಸಳ ಒಡಹುಟ್ಟಿದ ಅಣ್ಣ.

“ನಮ್ಮ ಹುಡುಗಿ ಮದುವೆ ದಿನಾನೇ ಬೇಕಂತ ಹೊಲಕ್ಕೆ ಹಂದಿಗೊಬ್ಬರ ಹಾಕಿದ್ದ ಪುಣ್ಯಾತ್ಮ,” ಎಂದ ಆರಿನ್. “ಕೇಕ್ ಬಾಯಿಗಿಡಕ್ಕಾಗ್ಲಿಲ್ಲ.”

“ಬೀಗರೆಲ್ಲ ಫೋಟೋದಲ್ಲಿ ಮೂಗು ಮುಚ್ಕೊಂಡೇ ನಿಂತಿದಾರೆ,” ಎಂದಳು ಟ್ವೈಲಾ.

“ಸರಿ, ತೊಟ್ಟಿ ಎಲ್ಲಿ ಇಳಿಸಲಿ?”

“ನಮ್ಮ ಗೇಟಿನ ಹತ್ರ.”

“ಗೇಟಿನ ಹತ್ರ ಬೇಡ,” ಎಂದಳು ಮಾರ್ಲಿಸ್. “ನಮ್ಮಣ್ಣ ಊಟದ ಡೇರೆ ಹಾಕೋದು ಆ ಕಡೆ ಸೇಬಿನ ಮರದ ಕೆಳಗೆ. ಅಲ್ಲಿ ಬೇಲಿಗೆ ಒತ್ತಿ ಇಡಿಸ್ಕೊಳ್ಳಿ.”

ಟ್ವೈಲಾ ತಿರುಗಿ ನೋಡಿ ಬಿಳಿಚಿಕೊಂಡಳು. “ನೀವೂ ಮದುವೇಲಿ ಇರ್ತೀರಲ್ಲ, ಮಾರ್ಲಿಸ್?”

“ನನ್ನನ್ನ ಕರೆದಿಲ್ಲ.”

ಆರಿನ್ ತನ್ನ ಟೋಪಿ ತೆಗೆದು ಅವಳಿಗೆ ತಲೆಬಾಗಿದ. ಆಮೇಲೆ ಗಂಡ ಹೆಂಡತಿ ಇಬ್ಬರೂ ತೊಟ್ಟಿ ಆರಿಸಲು ಅಂಗಡಿಯ ಹಿತ್ತಲಿಗೆ ಹೋದರು.