ಹಗುರ ಟಚ್

ಇದು ನನ್ನ ದೊಡ್ಡಮ್ಮನ ಮಗನಿಗೇ ಆದದ್ದು. ನಂಬದವರು ಎದ್ದು ಹೋಗಿ ಮಲಗಬಹುದು, ನನಗೇನೂ ಬೇಜಾರಿಲ್ಲ... ಆದರೆ ಒಬ್ಬೊಬ್ಬರೇ ಹೋಗಿ.

ಅವನನ್ನು ನಾವೆಲ್ಲ ಕಿವಿಯಪ್ಪ ಅಂತಲೇ ಕರೆಯೋದು. ಪಿಯಾನೋ ಅಂಗಡಿಯಲ್ಲಿ ಕೆಲಸ. ಮೊದಲು ತಂತಿಯ ಪಿಯಾನೋಗಳಿಗೆ ಶ್ರುತಿ ಮಾಡುತ್ತಿದ್ದ. ಈಗ ಡಿಜಿಟಲ್ ಪಿಯಾನೋ ಕೊಂಡವರ ಮನೆಗೆ ಹೋಗಿ, ಅವರ ಬೆರಳಿಗೂ ಕಿವಿಗೂ ಒಗ್ಗುವ ಹಾಗೆ ಹೊಂದಿಸಿ ಬರುತ್ತಾನೆ. ಪಕ್ಕದ ಮನೆಯಲ್ಲಿ ಸೊಳ್ಳೆ ಕೂತರೂ ಇವನಿಗೆ ಕೇಳುತ್ತೆ, ನಾನು ಕರೆದರೆ ಮಾತ್ರ ಕೇಳಲ್ಲ ಅಂತ ದೊಡ್ಡಮ್ಮ ಗೊಣಗೋರು.

ಅವತ್ತು ಅಂಗಡಿ ಮುಚ್ಚಿ ಬರುವಾಗ ತುಂಬಾ ತಡವಾಗಿತ್ತು. ಅವನ ಬೀದಿಯ ತಿರುವಿನಲ್ಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಎದುರಿಗೇ ಕನ್ನಡಕದಣ್ಣನ ಮನೆ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ವಾಸ. ಬಾವಿ ದಾಟುತ್ತಿದ್ದ ಹಾಗೆ... ಮೇಲಿನಿಂದ ಪಿಯಾನೋ. ಮಕ್ಕಳಿಗೆ ಮೊದಲು ಕಲಿಸುವ ಪಾಠ. ಮೂರು ಸ್ವರ ಏರಿತು. ನಾಲ್ಕನೆಯದಕ್ಕೆ ಮುಂಚೆ ಒಂದು ಚಿಕ್ಕ ತಡೆ... ಆಮೇಲೆ ಕೀ ಮೇಲೆ ಉಂಗುರ ತಗುಲಿದ ಸದ್ದು. ಟಿಕ್.

ಕಿವಿಯಪ್ಪ ನಿಂತಲ್ಲೇ ನಿಂತ. ಆ ತಡೆ ಅವನಿಗೆ ಚೆನ್ನಾಗಿ ಗೊತ್ತು. ಕನ್ನಡಕದಣ್ಣನ ಹೆಂಡತಿಯದು, ಇವನು ಅತ್ತಿಗೆ ಅಂತ ಕರೆಯುತ್ತಿದ್ದವರದು. ಅವರ ಉಂಗುರದ ಬೆರಳು ಒಮ್ಮೆ ಮುರಿದು ಕೂಡಿಕೊಂಡಿತ್ತು, ಹಾಗಾಗಿ ಯಾವಾಗಲೂ ಒಂದು ಕ್ಷಣ ಹಿಂದೆ ಬೀಳುತ್ತಿತ್ತು. ಆದರೆ ಅತ್ತಿಗೆ ತೀರಿಕೊಂಡು ಆಗಲೇ ತಿಂಗಳುಗಳಾಗಿದ್ದವು.

ಮೆಟ್ಟಿಲ ಮೇಲೆ ಕನ್ನಡಕದಣ್ಣ ನಿಂತಿದ್ದ.

"ನಿಂಗೂ ಕೇಳಿಸ್ತಾ?" ಪಿಸುಮಾತು.

"ಕೇಳಿಸ್ತು."

"ಸದ್ಯ. ನಂಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಬಾ ಮೇಲೆ."

ತಪ್ಪು ನಡೆದದ್ದು ಅದಕ್ಕೂ ಒಂದು ವಾರ ಹಿಂದೆ. ಪಿಯಾನೋ ಸುಮ್ಮನೆ ಬಿದ್ದಿರೋದು ನೋಡೋಕಾಗದೆ, ನಾನೇ ಕಲೀತೀನಿ ಅಂತ ಕನ್ನಡಕದಣ್ಣ ಇವನನ್ನು ಕರೆಸಿದ್ದ. ಆ ಯಂತ್ರದಲ್ಲಿ ಒಂದು ಸೌಲಭ್ಯ ಇದೆ. ಸ್ವಲ್ಪ ಹೊತ್ತು ಬಾರಿಸಿದರೆ ನಿಮ್ಮ ಬೆರಳಿನ ಬಲ ಅಳೆದು, ತಾನೇ ಟಚ್, ಅಂದರೆ ಎಷ್ಟು ಒತ್ತಿದರೆ ಎಷ್ಟು ಜೋರು ಅನ್ನೋದನ್ನು, ಹೊಂದಿಸಿಕೊಳ್ಳುತ್ತೆ. ಕಿವಿಯಪ್ಪ ಅದನ್ನು ಶುರು ಮಾಡಿದ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಟೀ ಉಕ್ಕಿತು. ಇಬ್ಬರೂ ಓಡಿದರು. ಕುಡಿದೇ ಬರೋಣ ಅಂದರು. "ಕರೆಂಟ್ ದಂಡ ಆಗಲ್ಲ ಬಿಡಣ್ಣ, ಅರ್ಧ ಗಂಟೆ ಯಾರೂ ಮುಟ್ದೇ ಇದ್ರೆ ತಾನೇ ಆಫ್ ಆಗತ್ತೆ" ಅಂತ ಇವನು ಅಂಗಡಿಯ ಮಾಮೂಲಿ ಮಾತು ಹೇಳಿದ. ವಾಪಸು ಬಂದು ನೋಡಿದರೆ... ಅಳತೆ ಮುಗಿದಿತ್ತು. ಯಾರೂ ಮುಟ್ಟಿರಲಿಲ್ಲ. ಏನೋ ದೋಷ, ಆಮೇಲೆ ಸರಿಮಾಡಿದರಾಯಿತು ಅಂತ ಕಿವಿಯಪ್ಪ ಅದನ್ನೇ ಸೇವ್ ಮಾಡಿಬಿಟ್ಟ.

ಈಗ ಕೋಣೆಯೊಳಗೆ ದೀಪವಿಲ್ಲ. ಪಿಯಾನೋದ ಮೂಲೆಯಲ್ಲಿ ಹಸಿರು ಚುಕ್ಕೆ ಮಾತ್ರ. ಸ್ಟೂಲು ಖಾಲಿ. ಕೀಗಳು ಇಳಿಯುತ್ತಿದ್ದವು, ಏಳುತ್ತಿದ್ದವು. ಕಿವಿಯಪ್ಪ ಹೊಸ್ತಿಲು ದಾಟಲಿಲ್ಲ. ಕನ್ನಡಕದಣ್ಣನಿಗೆ ಹೆದರಿಕೆಯೇ ಇರಲಿಲ್ಲ. ಅವನ ಸಂಕಟವೇ ಬೇರೆ.

"ಮೊದಲ ದಿನ ಜೋರಾಗಿತ್ತು ಕಣೋ. ದಿನಾ ಕಮ್ಮಿ ಆಗ್ತಿದೆ. ವಾಲ್ಯೂಮ್ ಪೂರ್ತಿ ಇಟ್ಟಿದೀನಿ. ಕೈಯಲ್ಲೇ ಬಲ ಇಲ್ಲ ಅವಳಿಗೆ... ಏನಾದ್ರೂ ಮಾಡು."

ಕಿವಿಯಪ್ಪ ಒಳಗೆ ಹೋಗಿ ಟಚ್ಚನ್ನು ಇನ್ನೂ ಹಗುರ ಮಾಡಿದ. ಹಗುರ ಮಾಡಿದರೆ ಮೆಲ್ಲಗೆ ಒತ್ತಿದರೂ ಜೋರಾಗಿ ನುಡಿಯುತ್ತೆ. ನುಡಿಯಿತು. ಕನ್ನಡಕದಣ್ಣ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತ.

ನಾಲ್ಕು ದಿನ ಸರಿಯಿತ್ತು. ಮತ್ತೆ ಕ್ಷೀಣ. ಮತ್ತೆ ಹಗುರ. ಕೀ ಮೇಲೇಳುವ ಸದ್ದು, ಪೆಡಲಿನ ಕಿರ್ರ್, ಯಂತ್ರ ಕೊಡುವ ಎಲ್ಲ ಸದ್ದನ್ನೂ ಏರಿಸಿದ. ಒಂದು ರಾತ್ರಿ ಟಚ್ ಕೊನೆಯ ಗೆರೆಗೆ ಬಂತು.

"ಇದಕ್ಕಿಂತ ಹಗುರ ಇಲ್ವಾ?"

"ಇಲ್ಲಣ್ಣ."

"ಕಂಪನಿಯವರನ್ನ ಕೇಳು."

"ಕೇಳ್ದೆ. ಯಾರಿಗೆ, ಚಿಕ್ಕ ಮಕ್ಕಳಿಗಾ ಅಂದ್ರು. ಏನು ಹೇಳ್ಲಿ?"

ಇನ್ನೊಂದು ದಾರಿ ಇತ್ತು. ಟಚ್ಚನ್ನೇ ತೆಗೆದುಬಿಡೋದು. ಹೇಗೆ ಒತ್ತಿದರೂ ಒಂದೇ ಜೋರು. ಅದನ್ನೂ ಮಾಡಿದ. ಸ್ವರಗಳು ಒಂದೇ ಸಮನೆ ಹೊಡೆದವು... ಢಣ್, ಢಣ್, ಢಣ್. ಕನ್ನಡಕದಣ್ಣ ಕಿವಿ ಮುಚ್ಚಿಕೊಂಡ.

"ತೆಗಿ ಅದನ್ನ. ಇದು ಅವಳ ಕೈಯಲ್ಲ. ಯಾರೋ ಟೈಪ್ ಹೊಡೀತಿದ್ದಂಗಿದೆ."

"ಇದೊಂದೇ ಅಣ್ಣ ಉಳಿದಿರೋದು. ತೆಗೆದ್ರೆ ಏನೂ ಕೇಳಿಸಲ್ಲ."

"ತೆಗಿ."

ತೆಗೆದ. ಆಮೇಲೆ ಸ್ವರ ಬರಲೇ ಇಲ್ಲ. ಕೀ ತಳ ಮುಟ್ಟುವ ಸದ್ದು ಮಾತ್ರ. ಠಪ್... ಠಪ್... ಅದೂ ಕನ್ನಡಕದಣ್ಣನಿಗೆ ಕೇಳಿಸದಾಯಿತು. ದಿನಾ ರಾತ್ರಿ ಕಿವಿಯಪ್ಪ ಹೋಗಬೇಕು, ಪಿಯಾನೋದ ಮರಕ್ಕೆ ಕಿವಿ ಒತ್ತಿ ಕೂರಬೇಕು. ಹಿಂದಿನಿಂದ ಪಿಸುಮಾತು ಬರಬೇಕು, "ಇದಾಳಾ?" ಇವನು ತಲೆ ಆಡಿಸಬೇಕು. ಬೇರೆಯವರ ಹೆಂಡತಿ ಎರಡನೇ ಸಲ ಹೋಗೋದನ್ನು ನನ್ನ ಕಿವಿಯಲ್ಲೇ ಕೇಳಬೇಕಾಯ್ತಲ್ಲೋ ಅಂತ ನನ್ನ ಮುಂದೆ ಹೇಳಿಕೊಂಡಿದ್ದಾನೆ. ಆ ಕಿವಿಯನ್ನು ಕಿತ್ತು ಬಿಸಾಡೋಣ ಅನ್ನಿಸಿತ್ತಂತೆ.

ಕೊನೆಗೆ ಒಂದು ರಾತ್ರಿ... ಏನೂ ಇಲ್ಲ. ಕೀ ಅಲುಗಲಿಲ್ಲ. ಉಸಿರು ಬಿಗಿಹಿಡಿದು ಕೇಳಿದ. ಅವನ ಎದೆಬಡಿತವೇ ಅವನಿಗೆ ಕೇಳುತ್ತಿತ್ತು.

"ಇದಾಳಾ?"

ಕಿವಿಯಪ್ಪ ತಿರುಗಲಿಲ್ಲ. "ಇದಾರಣ್ಣ" ಅಂದ.

ಅವನ ಜನ್ಮದಲ್ಲಿ ಕಿವಿಯ ವಿಷಯದಲ್ಲಿ ಆಡಿದ ಒಂದೇ ಸುಳ್ಳು ಅದು. ಪಿಯಾನೋ ಆರಿಸೋಕೂ ಮನಸ್ಸು ಬರಲಿಲ್ಲ. ಹೇಗೂ ಅರ್ಧ ಗಂಟೆಗೆ ತಾನೇ ಆರುತ್ತೆ ಅಂದುಕೊಂಡು ಇಳಿದು ಬಂದ. ಬಾವಿಯ ಹತ್ತಿರ ಕೂತು ಬಹಳ ಹೊತ್ತು ಅತ್ತನಂತೆ.

ಇದು ಅವನು ಹೇಳಿದ್ದು. ಇನ್ನು ಉಳಿದದ್ದು ನಾನೇ ನೋಡಿದ್ದು.

ಹೋದ ತಿಂಗಳು ಕನ್ನಡಕ ಮಾಡಿಸೋಕೆ ಅಲ್ಲಿಗೆ ಹೋಗಿದ್ದೆ. ಕನ್ನಡಕದಣ್ಣ ಮೇಲೆ ಕರೆದು ಕೂರಿಸಿದ. ಸೊರಗಿದ್ದಾನೆ, ಆದರೆ ಮಾತು ನೆಟ್ಟಗಿದೆ. ಪಿಯಾನೋ ಎದುರಿಗೇ ಇತ್ತು, ಮುಚ್ಚಳ ತೆಗೆದಿತ್ತು, ಸ್ಟೂಲು ಖಾಲಿ. ನಾವಿಬ್ಬರೂ ಅದರ ಹತ್ತಿರ ಸುಳಿಯಲಿಲ್ಲ. ಮಾತಾಡುತ್ತಾ ಗಂಟೆಯ ಮೇಲಾಯಿತು. ಒಂದು ಕೀ ಅಲುಗಲಿಲ್ಲ, ಒಂದು ಸದ್ದಿಲ್ಲ. ನಾನು ಆ ಮೂಲೆಯನ್ನೇ ನೋಡುತ್ತಿದ್ದೆ. ತಾನೇ ಆರುವ ಸೆಟ್ಟಿಂಗ್ ಬದಲಾಗಿದೆಯಾ ಅಂತ ಕಿವಿಯಪ್ಪ ಎರಡೆರಡು ಸಲ ಪರೀಕ್ಷೆ ಮಾಡಿದ್ದಾನೆ. ಇಲ್ಲ, ಅರ್ಧ ಗಂಟೆ ಅಂತಲೇ ಇದೆ.

ಆ ಹಸಿರು ದೀಪ ಆ ರಾತ್ರಿಯಿಂದ ಒಂದು ಸಲವೂ ಆರಿಲ್ಲ.