ಅತ್ತೆಯ ಭುಜನೋವು

ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು, ಬಾಗಿಲಲ್ಲಿ ಇನ್ನೊಬ್ಬಳನ್ನು ಕಂಡದ್ದೇ ಮುಖಕ್ಕೆ ಸೆರಗು ಎಳೆದುಕೊಂಡಳು. ಬಂದವಳು ಚಿಕ್ಕವಳು. ನೇರ ನಮ್ಮ ಬೆಂಚಿಗೇ ಬಂದು ಕುಳಿತಳು. ಇಬ್ಬರೂ ಒಂದೇ ಆಫೀಸಿನ ನೆಲ ಒರೆಸುವವರೆಂದು ಮಾತಿನಿಂದ ತಿಳಿಯಿತು.

“ಏನಕ್ಕಾ, ನೀವಿಲ್ಲಿ?”

“ನಮ್ಮತ್ತೆಗೆ ಭುಜನೋವು ಕಣೇ. ನೀನು?”

“ದೊಡ್ಡಮ್ಮಂಗೆ ಸೊಂಟ ಹಿಡ್ಕೊಂಡಿದೆ.”

“ಸೂಪರ್‌ವೈಸರ್ ಇಲ್ಲಿ ಯಾರ್ಯಾರು ಬರ್ತಾರೆ ನೋಡ್ಕೊಂಡು ಬಾ ಅಂತ ಕಳಿಸಿದ್ನಾ?”

“ಅವನ್ಯಾಕೆ ಕಳಿಸ್ತಾನೆ?”

“ಯಾರಿಗೆಲ್ಲ ನೋವಿದೆ ಅಂತ ನಿನ್ನೆ ಎಷ್ಟು ನಯವಾಗಿ ಕೇಳ್ತಿದ್ದ! ನೋವು ಅಂದೋಳನ್ನ ಕೆಲಸ ಬಿಡಿಸಿ ಮನೆಗೆ ಕಳಿಸೋಕೆ ತಾನೇ?”

“ನಾನು ಇಲ್ಲ ಅಂದೆ. ನೀವು?”

“ನಂಗೇನು ಧಾಡಿ? ಗುಂಡುಕಲ್ಲಿನ ಹಾಗಿದೀನಿ.”

“ಇಬ್ರೂ ಜೊತೆಗಿದ್ದಾಗಲೇ ಚೆನ್ನಾಗಿತ್ತಕ್ಕಾ. ನೀರಿನ ಬಕೆಟ್ಟಿಗೆ ಆಚೆ ಒಂದು ಕೈ, ಈಚೆ ಒಂದು ಕೈ.”

“ಜೊತೆಗಿದ್ರೆ ಮಾತಾಡ್ತೀವಲ್ಲ, ಅದಕ್ಕೇ ಆಳಿಗೊಂದು ಮಹಡಿ ಮಾಡಿದ್ದು. ಈಗ ತುಂಬಿದ ಬಕೆಟ್ ಒಬ್ಬಳೇ ಹೊತ್ಕೊಂಡು ಮೆಟ್ಟಿಲು ಹತ್ತು.”

“ಅದ್ಸರಿ, ನಿಮ್ಮತ್ತೆ ಎಲ್ಲಿ?”

“ನಿನ್ನ ದೊಡ್ಡಮ್ಮ ಎಲ್ಲಿ?”

ನರ್ಸ್ ಒಳಬಾಗಿಲಿನಿಂದ ಇಣುಕಿದಳು. “ಭುಜನೋವು ಯಾರದಮ್ಮಾ? ಒಳಗೆ ಬನ್ನಿ.”

ದೊಡ್ಡವಳು ಬಲಗೈಯನ್ನು ಬೆಂಚಿಗೆ ಊರಿ ಏಳಲು ಹೋಗಿ “ಅಯ್ಯಮ್ಮಾ” ಎಂದು ಕೂತುಬಿಟ್ಟಳು. ಚಿಕ್ಕವಳು ಎಬ್ಬಿಸಲು ಬಗ್ಗಿದಳು, ಬಗ್ಗಿದವಳು ಸೊಂಟ ಹಿಡಿದುಕೊಂಡು ಹಾಗೇ ನಿಂತಳು. ಒಬ್ಬರ ಮುಖ ಒಬ್ಬರು ನೋಡಿದರು.

“ಬಾ, ಒಳಗೆ ಇಬ್ರೂ ಒಟ್ಟಿಗೇ ಹೋಗೋಣ.”

“ನಾನ್ಯಾಕಕ್ಕಾ?”

“ನಮ್ಮತ್ತೆ ವಿಷಯ ನಿಂಗೆ ಗೊತ್ತಾಯ್ತು. ನಿನ್ನ ದೊಡ್ಡಮ್ಮನ ವಿಷಯ ನಂಗೂ ಗೊತ್ತಿರ್ಲಿ.”

ಆಚೆ ಒಂದು ಕೈ, ಈಚೆ ಒಂದು ಕೈ ಹಿಡಿದುಕೊಂಡು ಇಬ್ಬರೂ ಒಳಗೆ ಹೋದರು.