ಬಾವಿಗೆ ಕೊಡದ ಕೂಸು

ಇದು ನಮ್ಮ ಪಕ್ಕದ್ಮನೆ ಪೂಜಿತಾಗೆ ಆಗಿದ್ದು. ನಗೋರು ಈಗ್ಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ.

ಅವಳು ಶಿವಾಜಿನಗರದ ಒಂದು ನರ್ಸಿಂಗ್ ಹೋಮಲ್ಲಿ ನರ್ಸು. ಆವತ್ತು ಉಮ್ಮೆ ಕುಲ್ಸುಂ ಅನ್ನೋ ಹೆಂಗಸಿಗೆ ಹೆರಿಗೆ ಆಯ್ತು. ಹಿಂದಿನ ಎರಡು ಕೂಸೂ ದಕ್ಕಿರಲಿಲ್ಲ. ಇದೂ ಅಳಲಿಲ್ಲ... ಎದೆ ಬಡಿತಾನೇ ನಿಂತಿತ್ತು. ಡಾಕ್ಟರು ಉಸಿರು ಕೊಟ್ರು, ಪೂಜಿತಾ ಎರಡು ಹೆಬ್ಬೆಟ್ಟಲ್ಲಿ ಎದೆ ಒತ್ತುತ್ತಾ ಜೋರಾಗಿ ಲೆಕ್ಕ ಹೇಳಿದ್ಲು: ಒಂದು, ಎರಡು, ಮೂರು, ಉಸಿರು. ಆ ತಾಳ ತಪ್ಪಿದ್ರೆ ಕೆಲಸ ಕೆಟ್ಟಂಗೆ. ಅಂತೂ ಕೂಸು ಅತ್ತಿತು, ತಲೆಗೆ ವಾರ್ಡಿನ ಹಳದಿ ಟೋಪಿ ಹಾಕಿದ್ಲು.

ಡ್ಯೂಟಿ ಮುಗಿಸಿ ಟಿನ್ ಫ್ಯಾಕ್ಟರಿ ಸ್ಟಾಪಲ್ಲಿ ಬಸ್ಸಿಳಿದಾಗ ಸರಿರಾತ್ರಿ. ಮನೆಗೆ ಹಳೇ ಬಾವಿ ಪಕ್ಕದ ಗಲ್ಲೀಲೇ ಬರಬೇಕು. ಆ ಬಾವೀಲಿರೋದಕ್ಕೆ ಎಳೇ ಕೂಸೇ ಬೇಕು, ಅಲ್ಲಿ ಯಾರು ಕೂಗಿದ್ರೂ ಓಗೊಡಬೇಡ ಅಂತ ಅತ್ತೆ ಅಂಜಿನಮ್ಮ ಮದುವೆಯಾದಾಗಿಂದ ಹೇಳ್ತಿದ್ರು. ಬಾವಿ ಹತ್ರ ಬಂದ್ಲು... ಫೋನು ಬಂತು. ನೈಟ್ ಡ್ಯೂಟಿ ಹುಡುಗಿ ಶಮೀಮ್.

"ಅಕ್ಕಾ, ಆ ಮಗು ಎದೆ ಮತ್ತೆ ನಿಂತೋಯ್ತು. ಡಾಕ್ಟರು ಉಸಿರು ಕೊಡ್ತಿದಾರೆ, ನಾನು ಒತ್ತುತಾ ಇದೀನಿ, ಗಾಬರೀಲಿ ಲೆಕ್ಕ ತಪ್ತಿದೆ. ನೀವು ಹೇಳಿ."

"ಸ್ಪೀಕರ್ ಹಾಕು. ಒಂದು, ಎರಡು, ಮೂರು, ಉಸಿರು..."

ಕಿರ್... ಕಿರ್... ರಾಟೆ ತಿರುಗಿದ ಸದ್ದು. ಆ ರಾಟೆ ಮುರಿದು ಯಾವ ಕಾಲವೋ ಆಗಿತ್ತು.

"ಪೂಜಿತಾ..." ಕಿವಿ ಪಕ್ಕದಲ್ಲೇ ಪಿಸುಮಾತು. "ಸಾಕು ಬಿಡು. ಅದು ನನ್ನ ಪಾಲು."

ಓಗೊಟ್ರೆ ಲೆಕ್ಕ ಮುರಿಯುತ್ತೆ. ಹೆದರಿಕೆಗಿಂತ ಅವಳಿಗೆ ಸಿಟ್ಟೇ ಜಾಸ್ತಿ ಬಂತು. ಆ ತಾಯಿಯ ಎರಡು ಕೂಸು ನುಂಗಿದ್ದು ಸಾಲದಾ ಇದಕ್ಕೆ? ದನಿ ಇನ್ನೂ ಏರಿಸಿದ್ಲು.

"ನಾಲ್ಕು..." ಅಂತು ಅದು, ತಾಳ ಕೆಡಿಸೋಕೆ. "ಏಳು... ಒಂಬತ್ತು..."

ಪೂಜಿತಾ ಕಣ್ಣು ಮುಚ್ಕೊಂಡು ಗಂಟಲು ಹರಿಯೋ ಹಾಗೆ ಲೆಕ್ಕ ಕೂಗಿದ್ಲು. ಬೀದಿನಾಯಿಗಳು ದಿಕ್ಕಾಪಾಲಾದ್ವು. ಎಷ್ಟೊತ್ತೋ...

ಫೋನಲ್ಲಿ ಸಣ್ಣಗೆ, ಕುಂಯ್... ಆಮೇಲೆ ಅಳು.

"ಬಂತಕ್ಕಾ," ಅಂದ್ಲು ಶಮೀಮ್, ತಾನೂ ಅಳ್ತಾ.

ಆವಾಗ ತಿರುಗಿದ್ಲು ನೋಡಿ ಬಾವಿ ಕಡೆ. "ಈಗ ಹೇಳು. ಯಾವುದು ನಿನ್ನ ಪಾಲು?"

ಗುಳುಂ... ನೀರಿಗೆ ಏನೋ ಬಿದ್ದ ಸದ್ದು. ಆ ಬಾವಿಗೆ ಮಣ್ಣು ತುಂಬಿ ವರ್ಷಗಳಾಗಿವೆ.

ಬೆಳಿಗ್ಗೆ ಬಾವಿ ಕಟ್ಟೆ ಮೇಲೆ ಆ ಕೂಸಿನ ಟೋಪಿ ಇತ್ತು, ಒದ್ದೆ. ಅದೇ ವಾರ್ಡಿನ ಹಳದಿ ಟೋಪಿ, ಶಮೀಮ್ ರಾತ್ರಿಯಿಡೀ ಹುಡುಕಿದ್ದು. ಅದನ್ನೂ ಬಿಟ್ಟುಕೊಡಲಿಲ್ಲ ಪೂಜಿತಾ, ಹಿಂಡಿ ತಂದು ನಮ್ಮ ತಂತಿ ಮೇಲೆ ಹರವಿದ್ಲು. ಕೂಸು ಈಗ ಅಂಗನವಾಡಿಗೆ ಹೋಗ್ತಿದೆ. ನಾನು ಸುಳ್ಳು ಹೇಳೋಳಲ್ಲ, ಬೇಕಾದ್ರೆ ಬಂದು ಮುಟ್ಟಿ ನೋಡಿ... ಟೋಪಿ ಇನ್ನೂ ಒಣಗಿಲ್ಲ.